ಅರಿವಳಿಕೆ ಔಷಧ ತೆಗೆದುಕೊಂಡು ಬದುಕುಳಿದ ತಮ್ಮ: ಮನೆಗೆ ಬಂದ ಮೇಲಿನ ಆರೈಕೆ ಹೇಗೆ?

ಪ್ರಶ್ನೆ: ಗಂಗಾವತಿಯ ಅಣ್ಣ

ನನ್ನ ತಮ್ಮನಿಗೆ ಈಗ 29 ವರ್ಷ. ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಐದು ವರ್ಷದಿಂದ ಆಪರೇಷನ್ ಥಿಯೇಟರ್ ತಂತ್ರಜ್ಞನಾಗಿದ್ದ. ಹನ್ನೊಂದು ವಾರದ ಹಿಂದೆ ಅವನು ಅರಿವಳಿಕೆಗೆ ಬಳಸುವ ಔಷಧವನ್ನು ಬೇಕೆಂದೇ ತೆಗೆದುಕೊಂಡ. ಯಾವ ಔಷಧ, ಹೇಗೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಓದುವವರು ಯಾವ ಮನಃಸ್ಥಿತಿಯಲ್ಲಿರುತ್ತಾರೋ ನನಗೆ ತಿಳಿಯದು. ಜೊತೆಗಿದ್ದ ಹುಡುಗ ಸಕಾಲಕ್ಕೆ ಕೋಣೆಗೆ ಬಂದಿದ್ದರಿಂದ ಜೀವ ಉಳಿಯಿತು. 16 ದಿನ ಐಸಿಯುದಲ್ಲಿದ್ದ. ವೆಂಟಿಲೇಟರ್ ಹಾಕಿದ್ದರು, ಗಂಟಲಿಗೆ ತೂತು ಮಾಡಿ ನಳಿಕೆ ಇಟ್ಟಿದ್ದರು, ಆಮೇಲೆ ತೆಗೆದರು. ಡಿಸ್ಚಾರ್ಜ್ ಕಾಗದದಲ್ಲಿ ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಪೆಟ್ಟಾಗಿದೆ ಎಂದು ಬರೆದಿದ್ದಾರೆ. ಮುಂದೆ ಏನು ಮಾಡಬೇಕೆಂದು ಯಾರೂ ಕುಳಿತು ವಿವರಿಸಲಿಲ್ಲ.

ಈಗ ಅವನು ನಡೆಯುತ್ತಾನೆ, ಮಾತಾಡುತ್ತಾನೆ, ನಮ್ಮೆಲ್ಲರನ್ನೂ ಗುರುತಿಸುತ್ತಾನೆ. ಆದರೆ ಊಟ ಮಾಡಿ ಕೈ ತೊಳೆದ ಅರ್ಧ ಗಂಟೆಗೆ, ‘ಅವ್ವಾ, ರೊಟ್ಟಿ ಆಯ್ತೇನು?’ ಎಂದು ಕೇಳುತ್ತಾನೆ. ನೀರಿನ ಲೋಟ ಹಿಡಿಯಲು ಹೋದಾಗ ಕೈ ಒಮ್ಮೆಲೇ ಜಗ್ಗಿದಂತಾಗಿ ನೀರು ಚೆಲ್ಲುತ್ತದೆ. ಬಲಗಾಲಿನ ಪಾದ ಮೇಲೇಳುವುದಿಲ್ಲ. ಮೊನ್ನೆ ಅಂಗಳದಲ್ಲಿ ಚಪ್ಪಲಿ ಕಳಚಿ ಬಿದ್ದಿದ್ದೂ ಅವನಿಗೆ ತಿಳಿಯಲಿಲ್ಲ. ಬರಿಗಾಲಲ್ಲಿ ಬಾಗಿಲ ತನಕ ಬಂದು, ನಾವೆಲ್ಲ ಕಾಲಿನ ಕಡೆ ಏಕೆ ನೋಡುತ್ತಿದ್ದೇವೆಂದು ಕೇಳಿದ. ರಾತ್ರಿ ನಿದ್ದೆಯಿಲ್ಲ, ಹಗಲು ವಿಪರೀತ ಸಿಟ್ಟು.

ಔಷಧ ಇನ್ನೂ ಮೈಯಲ್ಲಿ ಉಳಿದಿದೆ ಎಂಬುದು ಅವ್ವನ ನಂಬಿಕೆ. ವಿಷ ಇಳಿಸುವವರ ಬಳಿಗೆ ಕರೆದೊಯ್ಯಲು ಹಟ ಹಿಡಿದಿದ್ದಾಳೆ. ಜ್ವರ ತಲೆಗೇರಿತ್ತು ಎಂದು ಅಪ್ಪ ಬಂಧುಗಳಿಗೆಲ್ಲ ಹೇಳಿಬಿಟ್ಟಿದ್ದಾರೆ. ಗವಿಮಠದ ಜಾತ್ರೆಗೆ ಎಲ್ಲರೂ ಮನೆಗೆ ಬರುತ್ತಾರೆ, ಆಗ ಏನು ಹೇಳಬೇಕೋ ತಿಳಿಯದಾಗಿದೆ. ಇನ್ನು ನಾನು: ಅವನು ಬಚ್ಚಲಿಗೆ ಹೋದರೂ ಹೊರಗೆ ನಿಂತಿರುತ್ತೇನೆ. ನೆನಪು ಮರಳುತ್ತದೆಯೇ? ಆ ದಿನದ ಬಗ್ಗೆ ಅವನನ್ನು ಕೇಳಬಹುದೇ? ಪೊಲೀಸರು ಒಮ್ಮೆ ಬಂದು ಹೇಳಿಕೆ ಪಡೆದು ಹೋಗಿದ್ದಾರೆ. ಮುಂದೆ ಕೇಸು ನಡೆಯುತ್ತದೆಯೇ? ಅದೇ ಕೆಲಸಕ್ಕೆ ಹಿಂದಿರುಗಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಅರಿವಳಿಕೆ ವೈದ್ಯ, ರಾಯಚೂರು

ಔಷಧದ ಹೆಸರನ್ನು ಬರೆಯದೆ ಇದ್ದುದು ಒಳ್ಳೆಯದಾಯಿತು. ಉತ್ತರ ಕೊಡುವವರೂ ಅದನ್ನು ಕೆದಕಬಾರದೆಂದು ಕೋರುತ್ತೇನೆ. ಮುಂದಿನ ಆರೈಕೆಗೆ ಆ ಹೆಸರಿನ ಅಗತ್ಯವೂ ಇಲ್ಲ.

ಮೊದಲು ನಿಮ್ಮ ತಾಯಿಯವರ ಸಂಶಯಕ್ಕೆ ಉತ್ತರ ಹೇಳುತ್ತೇನೆ. ನಾವು ಶಸ್ತ್ರಚಿಕಿತ್ಸೆಯ ವೇಳೆ ಬಳಸುವ ಔಷಧಗಳು ಮೈಯಲ್ಲಿ ತಿಂಗಳುಗಟ್ಟಲೆ ಕೂರುವಂಥವಲ್ಲ. ಯಕೃತ್ತು, ಮೂತ್ರಪಿಂಡಗಳು ಅವನ್ನು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಹೊರಹಾಕುತ್ತವೆ. ಹನ್ನೊಂದನೆಯ ವಾರದಲ್ಲಿ ಇಳಿಸಲು ಮೈಯಲ್ಲಿ ವಿಷವೇ ಇಲ್ಲ. ಬದಲಿಗೆ ಬೇರು, ಭಸ್ಮ ಕುಡಿಸಿದರೆ, ಆಗಲೇ ಪೆಟ್ಟು ತಿಂದಿರಬಹುದಾದ ಮೂತ್ರಪಿಂಡಕ್ಕೆ ಎರಡನೆಯ ಪೆಟ್ಟು ಬೀಳುತ್ತದೆ. ಅವರನ್ನು ಗದರಿಸದೆ, ರಕ್ತ ಪರೀಕ್ಷೆಯ ವರದಿಯನ್ನು ಕೈಗೆ ಕೊಟ್ಟು, ವೈದ್ಯರ ಬಾಯಿಂದಲೇ ಈ ಮಾತು ಹೇಳಿಸಿ.

ಹಾಗಾದರೆ ಉಳಿದದ್ದೇನು? ಥಿಯೇಟರಿನಲ್ಲಿ ರೋಗಿಯ ಉಸಿರಾಟವನ್ನು ಕ್ಷಣಕ್ಷಣವೂ ಕಾಯುವವನೊಬ್ಬ ಪಕ್ಕದಲ್ಲೇ ಇರುತ್ತಾನೆ, ಆದ್ದರಿಂದಲೇ ಅರಿವಳಿಕೆ ಸುರಕ್ಷಿತ. ಕಾಯುವವನಿಲ್ಲದೆಡೆ ಉಸಿರು ಕುಗ್ಗುತ್ತದೆ. ಮಿದುಳು ದೇಹದ ತೂಕದ ನೂರರಲ್ಲಿ ಸುಮಾರು 2 ಪಾಲಿದ್ದರೂ ಆಮ್ಲಜನಕದಲ್ಲಿ 20 ಪಾಲನ್ನು ಬಳಸುತ್ತದೆ. ಪೂರೈಕೆ ನಿಂತರೆ ಕೆಲವೇ ನಿಮಿಷಗಳಲ್ಲಿ ಜೀವಕೋಶಗಳು ಸಾಯತೊಡಗುತ್ತವೆ. ಅದರಲ್ಲೂ ಹೊಸ ನೆನಪನ್ನು ಹಿಡಿದಿಡುವ ಹಿಪೊಕ್ಯಾಂಪಸ್ ಎಂಬ ಭಾಗ ಬಹಳ ಸೂಕ್ಷ್ಮ. ನಿಮ್ಮ ತಮ್ಮನಿಗೆ ಮನೆಯವರ ಗುರುತಿದ್ದರೂ ಅರ್ಧ ಗಂಟೆಯ ಹಿಂದಿನ ರೊಟ್ಟಿ ನೆನಪಿಲ್ಲದಿರುವುದು ಈ ಕಾರಣದಿಂದ. ಅವನು ಬೇಕೆಂದು ಹಾಗೆ ಕೇಳುತ್ತಿಲ್ಲ, ನಿಮ್ಮನ್ನು ಕಾಡಲೂ ಕೇಳುತ್ತಿಲ್ಲ.

ಕೈ ಜಗ್ಗುವುದು ಕೂಡ ಇದೇ ಪೆಟ್ಟಿನ ಫಲವಾಗಿರಬಹುದು. ಸುಮ್ಮನಿದ್ದಾಗ ಇಲ್ಲದ ಜಗ್ಗಾಟ ಏನನ್ನಾದರೂ ಹಿಡಿಯಲು ಹೋದಾಗ ಬರುವುದು ಇದರ ಲಕ್ಷಣ. ಇದಕ್ಕೆ ಔಷಧಗಳಿವೆ, ನರರೋಗ ತಜ್ಞರಿಗೆ ತೋರಿಸಿ. ಹೋಗುವಾಗ ಲೋಟ ಎತ್ತುವ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ; ನೂರು ಮಾತಿನ ವಿವರಣೆಗಿಂತ ಅದು ಉಪಯುಕ್ತ. ಅವರು ನೋಡಿ ಹೇಳುವ ತನಕ ಬೈಕ್ ಓಡಿಸುವುದು, ಒಬ್ಬನೇ ಕಾಲುವೆಯಲ್ಲಿ ಈಜುವುದು, ಎತ್ತರ ಹತ್ತುವುದು ಬೇಡ.

ಪಾದದ ಸಂಗತಿ ಬೇರೆ. ಅರಿವಿಲ್ಲದೆ ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿದ್ದಿದ್ದರೆ ಮೊಣಕಾಲಿನ ಹೊರಬದಿಯಲ್ಲಿ ಎಲುಬಿನ ಮೇಲೆ ಹಾದುಹೋಗುವ ನರ ಒತ್ತಿಹೋಗುತ್ತದೆ. ಆಗ ಪಾದ ಜೋತು ಬೀಳುತ್ತದೆ, ಅದರ ಮೇಲ್ಭಾಗ ಜೋಮು ಹಿಡಿದಂತಿರುತ್ತದೆ. ಚಪ್ಪಲಿ ಕಳಚಿದ್ದು ತಿಳಿಯದಿರುವುದಕ್ಕೆ ಇದು ಹೊಂದುತ್ತದೆ. ನರ ಮತ್ತೆ ಬೆಳೆಯಬೇಕಾದರೆ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯುತ್ತದೆ, ಅಂದರೆ ತಿಂಗಳಿಗೆ ಒಂದಂಗುಲ. ಅಲ್ಲಿಯವರೆಗೆ ಪಾದವನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಹಾಕಿ ಫಿಸಿಯೋಥೆರಪಿ ಮಾಡಿಸದಿದ್ದರೆ ಹಿಮ್ಮಡಿ ಬಿಗಿದುಕೊಳ್ಳುತ್ತದೆ, ನರ ಬಂದ ಮೇಲೂ ಕಾಲು ಬಾರದು. ಹಾಗೆ ಬಿದ್ದಿದ್ದಾಗ ಸ್ನಾಯುಗಳು ಜಜ್ಜಿಹೋಗಿ ಅವುಗಳ ಕಣಗಳು ಮೂತ್ರಪಿಂಡಕ್ಕೆ ತೊಂದರೆ ಮಾಡುವುದೂ ಉಂಟು. ಕ್ರಿಯಾಟಿನಿನ್ ಪರೀಕ್ಷೆಯನ್ನು ಒಮ್ಮೆ ಮಾಡಿಸಿ.

ಎಲ್ಲಕ್ಕಿಂತ ಮುಖ್ಯವಾದುದನ್ನು ಇಲ್ಲಿ ಹೇಳುತ್ತೇನೆ, ಏಕೆಂದರೆ ಡಿಸ್ಚಾರ್ಜ್ ಕಾಗದಗಳಲ್ಲಿ ಇದು ಬಿಟ್ಟುಹೋಗುತ್ತದೆ. ಗಂಟಲಿನಲ್ಲಿ ನಳಿಕೆ ಇದ್ದವರಿಗೆ ಅದನ್ನು ತೆಗೆದ ವಾರಗಳು, ಕೆಲವೊಮ್ಮೆ ತಿಂಗಳುಗಳ ಮೇಲೆ ಶ್ವಾಸನಾಳ ಒಳಗೇ ಕಿರಿದಾಗಬಹುದು. ಮೆಟ್ಟಿಲು ಹತ್ತುವಾಗ ಉಸಿರು ಸಿಳ್ಳೆ ಹಾಕಿದಂತೆ ಕೇಳಿಸಿದರೆ ಅದನ್ನು ಅಸ್ತಮಾ ಎಂದು ತಿಳಿದು ಪಂಪ್ ಹೊಡೆಯುತ್ತ ಕೂರಬೇಡಿ, ಕಿವಿ ಮೂಗು ಗಂಟಲು ತಜ್ಞರಿಗೆ ಕೂಡಲೇ ತೋರಿಸಿ. ಸುಮ್ಮನೆ ಕುಳಿತಾಗಲೇ ಆ ಸದ್ದು ಬಂದರೆ 108ಕ್ಕೆ ಕರೆ ಮಾಡಿ. ನೀರು ಕುಡಿಯುವಾಗ ಪ್ರತಿಸಲವೂ ಕೆಮ್ಮು ಬರುತ್ತಿದ್ದರೆ ನುಂಗುವಿಕೆಯ ಪರೀಕ್ಷೆಯೂ ಆಗಬೇಕು.

ನೆನಪಿನ ಬಗ್ಗೆ: ಇಂಥ ಪೆಟ್ಟಿನಲ್ಲಿ ಕಣ್ಣಿಗೆ ಕಾಣುವ ಚೇತರಿಕೆ ಮೊದಲ ಮೂರರಿಂದ ಆರು ತಿಂಗಳಲ್ಲಿ ಹೆಚ್ಚು. ಆಮೇಲೆ ನಿಧಾನವಾಗುತ್ತದೆ, ಆದರೆ ವರ್ಷ ಕಳೆದರೂ ಪೂರ್ತಿ ನಿಲ್ಲುವುದಿಲ್ಲ. ಎಷ್ಟು ಬರುತ್ತದೆಂದು ಈಗಲೇ ಹೇಳುವವರನ್ನು ನಾನು ನಂಬುವುದಿಲ್ಲ. ಸುಧಾರಿಸಿದಂತೆ ಕಂಡವರಲ್ಲಿ ಕೆಲವರು ಕೆಲವು ವಾರಗಳ ನಂತರ ಇದ್ದಕ್ಕಿದ್ದಂತೆ ಹಿಂದೆ ಬೀಳುವುದೂ ಇದೆ. ನಡಿಗೆ ಕೆಟ್ಟು, ಮಾತು ಕಡಿಮೆಯಾಗಿ, ಮಂಕಾಗುತ್ತಾರೆ. ಅದು ಸಾಮಾನ್ಯವಾಗಿ ಮೊದಲ ತಿಂಗಳೊಳಗೆ ಬರುವುದರಿಂದ ನೀವು ಆ ಗಡಿಯನ್ನು ಬಹುಮಟ್ಟಿಗೆ ದಾಟಿದ್ದೀರಿ. ಆದರೂ ಹಾಗೆ ಕಂಡರೆ ಸೋಮಾರಿತನವೆಂದು ಬೈಯದೆ ಆಸ್ಪತ್ರೆಗೆ ಕರೆತನ್ನಿ.

ಇನ್ನೊಂದು ಮಾತು, ನನ್ನದೇ ವೃತ್ತಿಯವರ ಬಗ್ಗೆ. ನಮ್ಮಲ್ಲಿ ಕೆಲವರು ದಣಿವಿಗೆ, ನಿದ್ದೆಗೆ ಎಂದು ಈ ಔಷಧಗಳ ರೂಢಿಗೆ ಬೀಳುತ್ತಾರೆ. ನಿಮ್ಮ ತಮ್ಮನಿಗೆ ಮೊದಲಿಂದಲೂ ಆ ರೂಢಿ ಇತ್ತೇ ಎಂಬುದನ್ನು ಮನೋವೈದ್ಯರು ಅವನೊಬ್ಬನನ್ನೇ ಕೂರಿಸಿಕೊಂಡು ಕೇಳಬೇಕು, ನೀವಲ್ಲ. ಇದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು, ಮತ್ತು ಥಿಯೇಟರಿನ ಕೆಲಸ ಅವನಿಗೆ ಸಲ್ಲದು.

ಉತ್ತರ 2: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಕೊಪ್ಪಳ

ಡಾಕ್ಟರ್ ಸರ್ ದೇಹದ ಮಾತು ಹೇಳಿದ್ದಾರೆ. ಮನೆಯವರು ಆ ಪೆಟ್ಟನ್ನು ನೋಡುತ್ತ ನೋಡುತ್ತ, ಅವನು ಅದಕ್ಕೂ ಮುಂಚೆ ಹೊತ್ತಿದ್ದ ನೋವನ್ನು ಮರೆತುಬಿಡುತ್ತಾರೆ. ಕಾಲಿಗೆ ಫಿಸಿಯೋಥೆರಪಿ ನಡೆಯುತ್ತದೆ, ಮನಸ್ಸಿಗೆ ಮಾತ್ರ ‘ಇನ್ನು ಹಾಗೆ ಮಾಡಬೇಡಪ್ಪ’ ಎಂಬ ಒಂದು ಮಾತಿನಲ್ಲಿ ಮುಗಿಯುತ್ತದೆ. ನೀವು ಬರೆದಿದ್ದರಲ್ಲಿ ಮನೋವೈದ್ಯರ ಉಲ್ಲೇಖವೇ ಇಲ್ಲ ಅಣ್ಣಾ. ಆಸ್ಪತ್ರೆಯಿಂದ ಬಂದ ಮೊದಲ ಕೆಲವು ತಿಂಗಳೇ ಮತ್ತೆ ಅಪಾಯ ಎದುರಾಗುವ ಕಾಲ. ನಿದ್ದೆಗೆಡುವುದು, ಸಿಟ್ಟು ಇವು ಮಿದುಳಿನ ಪೆಟ್ಟಿನಿಂದಲೂ ಬರಬಹುದು, ಖಿನ್ನತೆಯಿಂದಲೂ ಬರಬಹುದು. ಎರಡನ್ನೂ ಬಿಡಿಸಿ ನೋಡಬೇಕಾದವರು ಮನೋವೈದ್ಯರು.

ಕೇಳಬಹುದೇ ಎಂದಿದ್ದೀರಿ. ಕೇಳಬಹುದು, ಕೇಳಬೇಕು. ಸಾವಿನ ಆಲೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಆಲೋಚನೆ ಹೊಸದಾಗಿ ಹುಟ್ಟುವುದಿಲ್ಲ. ಒಳಗಿದ್ದವನಿಗೆ ಹೊರೆ ಇಳಿಸಲು ಜಾಗ ಸಿಗುತ್ತದೆ. ಆದರೆ ‘ಏಕೆ ಮಾಡಿದೆ? ಅವ್ವನ ಮುಖ ನೆನಪಾಗಲಿಲ್ಲವೇ?’ ಎಂಬುದು ಪ್ರಶ್ನೆಯಲ್ಲ, ಶಿಕ್ಷೆ. ಅವನಿಗೆ ಆ ದಿನದ ನೆನಪೇ ಇಲ್ಲದಿರಬಹುದು. ಆಗ ತುಂಬಿಸಲು ಹೋಗಬೇಡಿ.

ಅವನೊಂದಿಗೆ ಕುಳಿತು ಒಂದು ಹಾಳೆಯಲ್ಲಿ ಅವನದೇ ಮಾತಿನಲ್ಲಿ ಬರೆಯಿಸಿ: ಮನಸ್ಸು ಕುಸಿಯುವ ಮೊದಲು ತನಗೆ ಏನಾಗುತ್ತದೆ, ಆಗ ತಾನು ಏನು ಮಾಡಿದರೆ ಹಗುರವಾಗುತ್ತದೆ, ಯಾರ ಬಳಿ ಹೋಗಿ ಕೂರಬಹುದು, ಯಾರಿಗೆ ಫೋನ್ ಮಾಡಬೇಕು. ನೆನಪು ಕೈಕೊಡುವವನಿಗೆ ಇದು ಜೇಬಿನಲ್ಲೇ ಇರಬೇಕು. ಅದರಲ್ಲಿ 14416 ಎಂಬ ಸಂಖ್ಯೆಯೂ ಇರಲಿ. ಅದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯವರೂ ಕರೆ ಮಾಡಬಹುದು. ನೀವೇ ಒಮ್ಮೆ ಮಾಡಿ, ಏಕೆಂದರೆ ಬಚ್ಚಲ ಬಾಗಿಲಲ್ಲಿ ವಾರಗಟ್ಟಲೆ ನಿಂತವರಿಗೂ ಆರೈಕೆ ಬೇಕು.

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಹೊಲಕ್ಕೆ ಸಿಂಪಡಿಸುವ ಔಷಧವನ್ನು ಬೀಗದೊಳಗೆ ಇಡಿ ಅಥವಾ ಬೇರೆ ಮನೆಗೆ ಸಾಗಿಸಿ. ಮನೋವೈದ್ಯರು ಬರೆದ ಗುಳಿಗೆಗಳನ್ನು ಒಂದೊಂದು ವಾರದ್ದು ಮಾತ್ರ ತರಿಸಿ, ಕೈಯಾರೆ ಕೊಡಿ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಹತ್ತೇ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡಿಸಬೇಡಿ.

ದೀರ್ಘಕಾಲದ ಆರೈಕೆಯೆಂದರೆ ದೊಡ್ಡ ಸಂಗತಿಯೇನಲ್ಲ, ಸಂಪರ್ಕ ಕಡಿಯದಿರುವುದು. ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2008ರಲ್ಲಿ ಪ್ರಕಟಿಸಿದ, ಚೆನ್ನೈ ಸೇರಿ ಐದು ದೇಶಗಳ ಐದು ಕಡೆ ಆದ ಅಧ್ಯಯನದಲ್ಲಿ, ಪ್ರಯತ್ನ ಮಾಡಿ ಬದುಕಿದವರೊಂದಿಗೆ ಒಂದು ಗಂಟೆ ಮಾತಾಡಿ, ಮುಂದಿನ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಮನೆಗೆ ಹೋಗಿಯೋ ವಿಚಾರಿಸಿದರು. ಆ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ನೂರಕ್ಕೆ 0.2, ಮಾಮೂಲು ಚಿಕಿತ್ಸೆಯಷ್ಟೇ ಪಡೆದವರಲ್ಲಿ 2.2. ಒಂಬತ್ತು ಸಲದ ವಿಚಾರಣೆಗೆ ಇಷ್ಟು ಬಲವಿದೆ.

ದೂರ ಹೋಗಬೇಕಾಗಿಯೂ ಇಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ಊರಿನ ಸರದಿ ಎಂದೆಂಬುದನ್ನು ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನ ಪರೀಕ್ಷೆಗೆ ಮಾನಸಿಕ ಆರೋಗ್ಯ ಮತ್ತು ನರರೋಗಗಳ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ಒಂದು ಮಾತು ಇಲ್ಲಿ ಹೇಳದೆ ಇರಲಾರೆ: ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಆರಂಭವಾಗುವ ಮೊದಲು, 1980ರ ದಶಕದಲ್ಲಿ ನಿಮ್ಹಾನ್ಸ್ ಅದನ್ನು ಪ್ರಯೋಗ ಮಾಡಿ ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಊರಲ್ಲೇ ಚಿಕಿತ್ಸೆ ನೀಡಿದ ಆ ಕ್ರಮವನ್ನು ಇಂದಿಗೂ ಬಳ್ಳಾರಿ ಮಾದರಿ ಎನ್ನುತ್ತಾರೆ. ಅದೇ ಬಳ್ಳಾರಿಯಲ್ಲಿ ನಿಮ್ಮ ತಮ್ಮನನ್ನು ಬರಿಯ ಕಾಗದ ಕೊಟ್ಟು ಕಳಿಸಿದ್ದಕ್ಕೆ ನನಗೆ ಬೇಸರವಿದೆ.

ಪೊಲೀಸರ ವಿಷಯ. ಆಸ್ಪತ್ರೆಯವರು ಇಂಥ ಪ್ರಕರಣವನ್ನು ಠಾಣೆಗೆ ತಿಳಿಸುತ್ತಾರೆ, ಅದರಂತೆ ಹೇಳಿಕೆ ಪಡೆದಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ ಪ್ರಕಾರ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅದಕ್ಕಾಗಿ ಶಿಕ್ಷಿಸುವಂತಿಲ್ಲ, ಸರ್ಕಾರವೇ ಅವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸಬೇಕು. ಆತ್ಮಹತ್ಯೆಯ ಪ್ರಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಕಲಂನಂಥದ್ದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರನ ಮೇಲೆ ಒತ್ತಡ ಹೇರಲೆಂದು ಮಾಡಿದ ಪ್ರಯತ್ನ ಮಾತ್ರ ಅಲ್ಲಿ ಅಪರಾಧ. ಔಷಧ ಆಸ್ಪತ್ರೆಯ ದಾಸ್ತಾನಿನಿಂದ ಬಂತೆಂದು ಯಾರಾದರೂ ದೂರು ಕೊಟ್ಟರೆ ಅದು ಬೇರೆ ವಿಚಾರ. ಆಗ ಯಾವ ಕಾಗದಕ್ಕೂ ತಮ್ಮನಿಂದ ಸಹಿ ಹಾಕಿಸದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರನ್ನು ಕೇಳಿ. ಅರ್ಹರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ಬಂಧುಗಳಿಗೆ ನಿಜವನ್ನೇ ಹೇಳಿಬಿಡುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ಸುಳ್ಳನ್ನು ಮನೆಮಂದಿಯೆಲ್ಲ ಕಾಯುತ್ತ ಕೂರುವುದು ಕಷ್ಟ.

ಉತ್ತರ 3: ಸಿಂಧನೂರಿನ ಸ್ಟಾಫ್ ನರ್ಸ್

ಅಕ್ಕಾ, ನಿಮ್ಮ ಕೊನೆಯ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಆರು ವರ್ಷದ ಹಿಂದೆ ನಾನೂ ಇದೇ ದಾರಿಯಲ್ಲಿ ಹೋಗಿ ಹಿಂದಿರುಗಿದವಳು. ನನ್ನ ಸಂಗತಿಯನ್ನು ನನ್ನನ್ನು ಕೇಳದೆ ದೊಡ್ಡಪ್ಪ ಎಲ್ಲರಿಗೂ ಹೇಳಿಬಿಟ್ಟರು, ಒಳ್ಳೆಯ ಮನಸ್ಸಿನಿಂದಲೇ. ಮುಂದೆ ಎರಡು ವರ್ಷ ಯಾವ ಮದುವೆಗೆ ಹೋದರೂ ಹೆಂಗಸರು ನನ್ನ ಕೈ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ತಮ್ಮನೇ ತೀರ್ಮಾನಿಸಲಿ. ‘ಆಸ್ಪತ್ರೆಯಲ್ಲಿದ್ದ, ಈಗ ಚೇತರಿಸಿಕೊಳ್ಳುತ್ತಿದ್ದಾನೆ’ ಎಂದರೆ ಸುಳ್ಳೂ ಅಲ್ಲ, ಪೂರ್ತಿ ಕಥೆಯೂ ಅಲ್ಲ. ಜಾತ್ರೆಗೆ ಬಂದವರಿಗೆ ಅಷ್ಟು ಸಾಕು.

ಬಚ್ಚಲಿನ ವಿಷಯ. ಅಪ್ಪ ನಮ್ಮ ಬಚ್ಚಲಿನ ಚಿಲಕವನ್ನು ಬಿಚ್ಚಿಸಿದ್ದರು. ನೀರು ಹಾಕಿಕೊಳ್ಳುವಾಗಲೂ ಒಂದು ಕೈ ಬಾಗಿಲ ಮೇಲೆ ಇಟ್ಟಿರುತ್ತಿದ್ದೆ. ಮನೋವೈದ್ಯರ ಎದುರಿನಲ್ಲಿ ಅಪ್ಪ ಮತ್ತು ನಾನು ಒಂದು ಒಪ್ಪಂದಕ್ಕೆ ಬಂದೆವು: ಚಿಲಕ ಮತ್ತೆ ಹಾಕಿಸುವುದು, ಆದರೆ ಹೊರಗಿನಿಂದಲೂ ತೆಗೆಯಲು ಬರುವಂಥದ್ದು, ಹತ್ತು ನಿಮಿಷವಾದರೆ ಹೆಸರು ಹಿಡಿದು ಕೂಗುವುದು, ನಾನು ‘ಹ್ಞೂಂ’ ಎನ್ನುವುದು. ಎಂಟು ವಾರಕ್ಕೆ ಕೂಗುವುದೂ ತಾನಾಗಿಯೇ ನಿಂತಿತು. ಕಾವಲು ಹಂತಹಂತವಾಗಿ ಇಳಿಯಬೇಕು, ಇಳಿಯುತ್ತಿದೆ ಎಂಬುದು ಅವನಿಗೂ ಗೊತ್ತಾಗಬೇಕು. ಆದರೆ ಎಷ್ಟು, ಎಂದು ಎಂಬುದನ್ನು ವೈದ್ಯರ ಮಾತಿನ ಮೇಲೆ ಮಾಡಿ.

ಕೆಲಸದ ಬಗ್ಗೆ: ನಾನು ಒಂಬತ್ತು ತಿಂಗಳ ಮೇಲೆ ಹಿಂದಿರುಗಿದೆ, ಐಸಿಯುಗಲ್ಲ, ಲಸಿಕೆ ವಿಭಾಗಕ್ಕೆ. ಔಷಧದ ಕಪಾಟಿನ ಕೀಲಿ ನನಗೆ ಬೇಡವೆಂದು ನಾನೇ ಹೇಳಿದೆ. ಮೊದಲು ನಾಚಿಕೆಯಾಗಿತ್ತು. ಕೈಗೆಟುಕುವ ದೂರ ಹೆಚ್ಚಾದಷ್ಟೂ ನನಗೆ ಯೋಚಿಸಲು ಹೊತ್ತು ಸಿಗುತ್ತದೆಂದು ಈಗ ತಿಳಿದಿದೆ. ನಿಮ್ಮ ತಮ್ಮನಿಗೂ ನೋಂದಣಿ ವಿಭಾಗವೋ ಉಪಕರಣ ಶುದ್ಧೀಕರಣವೋ ಆದೀತು, ಆದರೆ ನೆನಪು, ಕೈ ಎರಡೂ ಸ್ಥಿರವಾದ ಮೇಲೆ. ಒಮ್ಮೆ ಪ್ರಯತ್ನಿಸಿ ಬದುಕಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ ಎಂದು ನನ್ನ ವೈದ್ಯರು ಹೇಳಿದ್ದರು. ಆ ಲೆಕ್ಕ ಅಂದು ನನಗಿಂತ ಅಪ್ಪನಿಗೆ ಹೆಚ್ಚು ಧೈರ್ಯ ಕೊಟ್ಟಿತು.

ನೆನಪಿಗೆ ಒಂದು ಉಪಾಯ. ಉದ್ದನೆಯ ಡೈರಿಯೊಂದನ್ನು ಊಟದ ಜಾಗದಲ್ಲೇ ದಾರ ಕಟ್ಟಿ ತೂಗುಹಾಕಿ. ಉಂಡ ಕೂಡಲೇ ಅವನೇ ಹೊತ್ತು, ತಿಂದದ್ದು ಬರೆಯಲಿ. ಮತ್ತೆ ಕೇಳಿದಾಗ ‘ಆಯ್ತಲ್ಲ’ ಎನ್ನಬೇಡಿ, ‘ಡೈರಿ ನೋಡು’ ಎನ್ನಿ. ಇನ್ನೊಬ್ಬರ ಬಾಯಿಂದ ಕೇಳುವುದಕ್ಕಿಂತ ತನ್ನದೇ ಅಕ್ಷರದಲ್ಲಿ ಓದುವುದು ಕಡಿಮೆ ಅವಮಾನ.

ಉತ್ತರ 4: ಆನ್‌ಲೈನ್ ಸೆಂಟರ್, ಮಾನ್ವಿ

ಕಾಗದಪತ್ರದ ಮಟ್ಟಿಗೆ ಮಾತ್ರ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ನಿಗದಿತ ವೆಚ್ಚದ ನೂರಕ್ಕೆ 30 ಪಾಲು, 1.5 ಲಕ್ಷದ ಮಿತಿಯಲ್ಲಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ಪಡೆಯಿರಿ. ಅಂಗವಿಕಲರ ಗುರುತಿನ ಚೀಟಿಗೆ ಈಗಲೇ ಓಡಾಡಬೇಡಿ. ಚೇತರಿಕೆ ಇನ್ನೂ ನಡೆಯುತ್ತಿದೆ. ಮುಂದೆ ಕೊರತೆ ಉಳಿದು ಅದು ನೂರಕ್ಕೆ 40 ಅಥವಾ ಹೆಚ್ಚು ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ಡಿಸ್ಚಾರ್ಜ್ ಕಾಗದ, ಎಂಆರ್‌ಐ ವರದಿಗಳ ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ.

ಪ್ರಶ್ನೆ ಕೇಳಿದವರ ಮರುನುಡಿ: ಗಂಗಾವತಿಯ ಅಣ್ಣ

ಎಲ್ಲರಿಗೂ ನಮಸ್ಕಾರ. ಮಂಗಳವಾರ ಮನೋವೈದ್ಯರನ್ನು ಕಂಡೆವು. ತಮ್ಮನನ್ನು ಒಬ್ಬನನ್ನೇ ಮುಕ್ಕಾಲು ಗಂಟೆ ಮಾತಾಡಿಸಿದರು. ಏನು ಮಾತಾಡಿದರೆಂದು ನಾನು ಕೇಳಲಿಲ್ಲ. ಪಾದಕ್ಕೆ ಅಳತೆ ಕೊಟ್ಟು ಬಂದಿದ್ದೇವೆ. ಕ್ರಿಯಾಟಿನಿನ್ ಸರಿಯಾಗಿದೆ ಎಂಬುದನ್ನು ಅಲ್ಲಿನ ವೈದ್ಯೆ ಅವ್ವನಿಗೆ ವರದಿ ತೋರಿಸಿಯೇ ಹೇಳಿದರು. ವಿಷ ಇಳಿಸುವ ಮಾತು ಸದ್ಯಕ್ಕೆ ನಿಂತಿದೆ.

ರಾಯಚೂರಿನ ಡಾಕ್ಟರ್ ಬರೆದಿದ್ದನ್ನು ಓದಿದ ರಾತ್ರಿಯೇ ಅವನನ್ನು ಮಾಳಿಗೆ ಮೆಟ್ಟಿಲು ಹತ್ತಿಸಿ, ಬೆನ್ನ ಹಿಂದೆ ನಿಂತು ಕಿವಿಗೊಟ್ಟು ಕೇಳಿದೆ. ಆರನೆಯ ಮೆಟ್ಟಿಲಿನಿಂದ ತೆಳ್ಳಗೆ ಸಿಳ್ಳೆಯಂಥ ಸದ್ದು ಇತ್ತು. ಕುಳಿತಾಗ ಇಲ್ಲ. ನಾವು ಅದನ್ನು ಇಷ್ಟು ದಿನ ದಣಿವೆಂದು ತಿಳಿದಿದ್ದೆವು. ಬೆಳಗಾದೊಡನೆ ಬಳ್ಳಾರಿಯ ಗಂಟಲು ತಜ್ಞರಿಗೆ ಫೋನ್ ಮಾಡಿದೆ, ನಾಳೆಯೇ ಬರಲು ಹೇಳಿದ್ದಾರೆ. ಬಸ್ಸಿನ ಹೊತ್ತನ್ನು ತಮ್ಮನೇ ಡೈರಿಯಲ್ಲಿ ಬರೆದುಕೊಂಡಿದ್ದಾನೆ. 7.40 ಎಂದು ಬರೆದಿದ್ದ, 7.10 ಎಂದು ಹೇಳಿದೆ, ಹೊಡೆದುಹಾಕಿ ತಿದ್ದಿದ.